ಒಂದೇ ಮುಖದಿಂದ ಅಳತೆ

1997ರ ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ರಾಧಿಕಾ ಬಾಣದ ತುದಿಗೆ ಮಸಿ ತುಂಬುತ್ತಿದ್ದಳು. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಅಬ್ದುಲ್ ಕರೀಮ್ ಸಾಹೇಬರದೊಂದು ವರ್ಕ್‌ಶಾಪು. ಅದರ ಮೂಲೆಯ ಕೋಣೆಯೇ ಡ್ರಾಯಿಂಗ್ ಆಫೀಸು. ಒಂದು ಇಳಿಜಾರು ಮೇಜು, ಒಂದು ಸ್ಟೂಲು, ಉತ್ತರಕ್ಕೊಂದು ಕಿಟಕಿ. ಯಂತ್ರದ ಭಾಗವೊಂದರ ನಕ್ಷೆಯಲ್ಲಿ ಅಳತೆಯ ಗೆರೆಯ ಎರಡೂ ತುದಿಗೆ ಬಾಣ ಇರಬೇಕು, ಬಾಣದ ಉದ್ದ ಅದರ ಅಗಲದ ಮೂರರಷ್ಟಿರಬೇಕು. ರಾಧಿಕಾಳ ಬಾಣಗಳು ಹಾಗೇ ಇರುತ್ತಿದ್ದವು, ತೆಳ್ಳಗೆ, ಚೂಪಾಗಿ, ಒಂದರ ಹಾಗೆ ಇನ್ನೊಂದು.

ಹೊರಗೆ ಟೆಂಪೋ ನಿಂತ ಸದ್ದಾಯಿತು. ಭಾರದ ವಸ್ತುವೊಂದು ನೆಲಕ್ಕಿಳಿದ ಸದ್ದೂ ಆಯಿತು. ಕರೀಮ್ ಸಾಹೇಬರು ಟೋಪಿ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ವಾಪಸ್ ಬಂತಲ್ಲವಾ ಬೇಟಿ, ನಮ್ಮ ಶಾಫ್ಟು."

ರಾಧಿಕಾ ಪೆನ್ನಿಗೆ ಮುಚ್ಚಳ ಹಾಕಿದಳು. ಮಸಿ ಒಣಗಿದರೆ ಪೆನ್ನು ಕೆಡುತ್ತದೆ. ಎಂಥಾ ಸುದ್ದಿ ಬಂದರೂ ಮೊದಲು ಮುಚ್ಚಳ.

"ಏನಂದ್ರಿ ಅವರು?"

"ಪವಮಾನರಾವ್ ಸಾಹೇಬರು ತಾವೇ ಕುಂತು ಅಳದಾರ. ಒಂದೊಂದು ಅಳತಿ ನೋಡಿದ್ರ ಎಲ್ಲಾ ಸರಿ ಅದ ಅಂತಾರ. ಕೂಡಿಸಿದ್ರ ತಪ್ಪು ಅದ ಅಂತಾರ. ಇದು ಯಾವ ಊರಿನ ಲೆಕ್ಕ, ನೀನೇ ಹೇಳು."

ಪವಮಾನರಾವ್ ಅಂದರೆ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಇಂಜಿನಿಯರು. ಚಿತ್ತಾಪುರದವರು, ಮಾತು ಕಡಿಮೆ. ತಮ್ಮ ಗೇರ್‌ಬಾಕ್ಸುಗಳಿಗೆ ಬೇಕಾದ ಶಾಫ್ಟುಗಳನ್ನು ಹೈದರಾಬಾದಿನಿಂದ ತರಿಸುವ ಬದಲು ಇಲ್ಲೇ ಹತ್ತಿರದಲ್ಲಿ ಮಾಡಿಸೋಣ ಎಂದು ಮನಸ್ಸು ಮಾಡಿದ್ದವರು ಅವರೇ. ಮೊದಲು ಒಂದು ನಮೂನೆ ಮಾಡಿಕೊಡಿ, ಕೂತರೆ ವರ್ಷದ ಕೆಲಸ ನಿಮ್ಮದೇ ಎಂದಿದ್ದರು. ನಮೂನೆ ಕೂರಲಿಲ್ಲ. ಶಾಫ್ಟು ಉದ್ದವಾಗಿ ಗೇರ್‌ಬಾಕ್ಸಿನ ಮುಚ್ಚಳ ಮುಚ್ಚಲೇ ಇಲ್ಲ.

"ಇನ್ನೊಂದು ಸಲ ಮಾಡಿ ತರ್ರಿ ಅಂದಾರ. ಭಲೇ ಮನಷ್ಯಾ," ಎಂದರು ಕರೀಮ್ ಸಾಹೇಬರು. ಆಮೇಲೆ ದನಿ ತಗ್ಗಿಸಿ, ಮೇಜಿನ ಕಡೆ ನೋಡುತ್ತಾ ಹೇಳಿದರು, "ಖರೇ ಹೇಳ್ತೀನಿ ಬೇಟಿ, ಸಿಟ್ಟಾಗಬ್ಯಾಡ. ಎರಡನೇದೂ ವಾಪಸ್ ಬಂತಂದ್ರ ಈ ಟೇಬಲ್ ತೆಗೀತೀನಿ. ಇಲ್ಲೊಂದು ವೆಲ್ಡಿಂಗ್ ಸೆಟ್ ಇಡಬಹುದು. ನಿನಗ ಬಿಡಂಗಿಲ್ಲ, ನೀ ಬಿಲ್ ಬರಿ, ಹಾಜರಿ ನೋಡು. ಚಾಕಿನಿಂದ ನೆಲದ ಮ್ಯಾಲ ಗೆರಿ ಹೊಡಕೊಂಡು ಇಷ್ಟು ವರ್ಷ ನಡೀಲಿಲ್ಲೇನು?"

ಕೆಲಸದಿಂದ ತೆಗೆಯುತ್ತೇನೆ ಎಂದಿದ್ದರೆ ರಾಧಿಕಾಳಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಹಾಜರಿ ನೋಡು ಎಂದದ್ದು ಚುಚ್ಚಿತು.

ಈ ಮೇಜಿನವರೆಗೆ ಅವಳು ಬಂದ ದಾರಿ ಉದ್ದವೇನಲ್ಲ, ಆದರೆ ನೇರವಾಗಿಯೂ ಇರಲಿಲ್ಲ. ಅವಳ ಮನೆಯವರು ಕಾಗಿಣಾ ನದಿಯ ದಂಡೆಯ ದಂಡೋತಿಯವರು. ಅಪ್ಪ ಭಗವಂತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಶಹಾಬಾದಿಗೆ ಬಂದ. ಹಳಿಯಿಂದ ಹಳಿಗೆ ಎಷ್ಟಿರಬೇಕೋ ಅಷ್ಟೇ ಇದೆಯೇ ಎಂದು ಕಬ್ಬಿಣದ ಪಟ್ಟಿ ಇಟ್ಟು ನೋಡುತ್ತಾ ನಡೆಯುವುದು ಅವನ ಕೆಲಸದಲ್ಲೊಂದು. ಹತ್ತನೇ ತರಗತಿ ಮುಗಿದ ಮೇಲೆ ಮಗಳನ್ನು ಗುಲ್ಬರ್ಗದ ಐಟಿಐಗೆ ಕರೆದುಕೊಂಡು ಹೋದಾಗ ಗುಮಾಸ್ತರು, "ಹೊಲಿಗಿ ಹಚ್ರಿ, ಹೆಣ್ಣುಹುಡುಗಿ," ಎಂದರಂತೆ. ರಾಧಿಕಾ ಗೋಡೆಯ ಮೇಲೆ ತೂಗುಹಾಕಿದ್ದ ಒಂದು ನಕ್ಷೆಯನ್ನು ನೋಡುತ್ತಾ ನಿಂತುಬಿಟ್ಟಿದ್ದಳು. ಒಂದೇ ಕಬ್ಬಿಣದ ತುಂಡು, ಮುಂದಿನಿಂದ, ಮೇಲಿನಿಂದ, ಪಕ್ಕದಿಂದ, ಮೂರೂ ಕಡೆಯಿಂದ ಒಂದೇ ಹಾಳೆಯಲ್ಲಿ. "ಇದು ಕಲಿಸ್ತೀರೇನ್ರಿ?" ಎಂದಳು. ಡ್ರಾಫ್ಟ್ಸ್‌ಮನ್ ಟ್ರೇಡಿನಲ್ಲಿ ಆ ವರ್ಷ ಸೇರಿದ ಹುಡುಗಿ ಅವಳೊಬ್ಬಳೇ.

ಅಲ್ಲಿ ಕಲಿತ ನಿಯಮಗಳು ಅವಳಿಗೆ ಮನೆಯ ರೂಢಿಯ ಹಾಗೆ ಒಗ್ಗಿಹೋದವು. ಅಂಕಿ ಯಾವಾಗಲೂ ಗೆರೆಯ ಮೇಲೆ, ಹಾಳೆಯ ಕೆಳಗಡೆಯಿಂದಲೋ ಬಲಗಡೆಯಿಂದಲೋ ಓದುವ ಹಾಗೆ, ಯಾರೂ ಕತ್ತು ತಿರುಚಬಾರದು. ಅಳತೆಯ ಗೆರೆ ವಸ್ತುವಿನ ಗೆರೆಯನ್ನು ಮುಟ್ಟಬಾರದು. ಮಿಲಿಮೀಟರ್ ಎಂದು ಪ್ರತಿ ಅಂಕಿಗೂ ಬರೆಯಬೇಕಿಲ್ಲ, ಹಾಳೆಯ ಮೂಲೆಯಲ್ಲಿ ಒಮ್ಮೆ ಬರೆದರೆ ಸಾಕು. ಯಾವ ಅಳತೆಯನ್ನೂ ಎರಡು ಕಡೆ ಬರೆಯಬಾರದು. ತಾಯಿ ಭೀಮಬಾಯಿ, "ರೊಟ್ಟಿ ಸುಡು ಅಂದ್ರ ಬುಟ್ಟ್ಯಾಗ ಒಂದರ ಮ್ಯಾಲ ಒಂದು ಅಂಚಿಗೆ ಅಂಚು ಕೂಡಿಸ್ತಾಳ. ತಿನ್ನೋರು ಕಾಯ್ಕೋತ ಕುಂತಿರ್ತಾರ," ಎಂದು ನೆರೆಯವರ ಮುಂದೆ ದೂರುತ್ತಿದ್ದಳು. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಕರೀಮ್ ಸಾಹೇಬರು ಅವಳನ್ನು 1994ರಲ್ಲಿ ಸೇರಿಸಿಕೊಂಡರು. ಅಲ್ಲಿಯವರೆಗೆ ಆ ವರ್ಕ್‌ಶಾಪಿನಲ್ಲಿ ಹಾಳೆ ಎಂಬುದೇ ಇರಲಿಲ್ಲ. ಮುರಿದ ಭಾಗವನ್ನು ಲೇಥಿನ ಪಕ್ಕ ಇಟ್ಟುಕೊಂಡು ನೋಡಿ ನೋಡಿ ಇನ್ನೊಂದು ಮಾಡುತ್ತಿದ್ದರು. ದೊಡ್ಡದಾದರೆ ನೆಲದ ಫರ್ಸಿ ಕಲ್ಲಿನ ಮೇಲೆ ಚಾಕಿನಿಂದ ಬರೆಯುತ್ತಿದ್ದರು. ಹಾಗೆ ಬರೆದಿಟ್ಟಿದ್ದ ಒಂದು ಗಾಲಿಯ ಮೇಲೆ ಆಡು ನಡೆದು ಗೆರೆ ಅಳಿಸಿಹೋಗಿ, ಮಾರನೆಯ ದಿನ ಗಾಲಿ ಒಂದು ಕಡೆ ಸೊಟ್ಟಗಾಯಿತಂತೆ. "ಆ ಆಡಿಗಿ ಬಕ್ರೀದಿನತನಕಾನೂ ಮಾಫಿ ಸಿಗಲಿಲ್ಲ," ಎಂದು ಮಶಾಕ ಚಾಚಾ ಈಗಲೂ ಹೇಳುತ್ತಿದ್ದ.

ಮಶಾಕ ಅಲ್ಲಿಯ ಹಿರಿಯ ಟರ್ನರು, ಲೇಥ್ ನಡೆಸುವವನು. ವಾಪಸ್ ಬಂದ ಶಾಫ್ಟನ್ನು ಕಡೆದದ್ದು ಅವನೇ. ಕರೀಮ್ ಸಾಹೇಬರು ಹೊರಟ ಮೇಲೆ ರಾಧಿಕಾ ಹೋಗಿ ಅವನ ಪಕ್ಕ ನಿಂತಳು. ಅವನು ಆಗಲೇ ಶಾಫ್ಟಿನ ಮೇಲೆ ಬಗ್ಗಿ, ವರ್ನಿಯರ್ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಿದ್ದ.

"ನೋಡು, ನೀನೇ ನೋಡು. ಒಂದಾದ್ರೂ ಹದ್ದು ಮೀರೀನೇನು?"

ಎರಡು ಬೇರಿಂಗುಗಳ ನಡುವೆ ಶಾಫ್ಟಿಗೆ ಐದು ಮೆಟ್ಟಿಲು, ಒಂದೊಂದರ ದಪ್ಪ ಬೇರೆ ಬೇರೆ. ಐದೂ ಸೇರಿ ನಾನೂರು ಮಿಲಿಮೀಟರ್ ಆಗಬೇಕು. ರಾಧಿಕಾ ಹಳೆಯ ಶಾಫ್ಟನ್ನು ಒಂದೊಂದೇ ಮೆಟ್ಟಿಲು ಅಳೆದಿದ್ದಳು. ಅಳೆದ ಹಾಗೆಯೇ, ಸರಪಳಿಯ ಕೊಂಡಿಗಳಂತೆ, ಒಂದರ ಪಕ್ಕ ಒಂದು ಅಳತೆಯನ್ನು ನಕ್ಷೆಯಲ್ಲಿ ಬರೆದಿದ್ದಳು. ಪ್ರತಿಯೊಂದಕ್ಕೂ ರೂಢಿಯ ರಿಯಾಯಿತಿ ಇತ್ತು: ಹೆಚ್ಚಾದರೆ ಸೊನ್ನೆ ಪಾಯಿಂಟ್ ಮೂರು, ಕಡಿಮೆಯಾದರೂ ಅಷ್ಟೇ. ಮಶಾಕನ ಐದೂ ಮೆಟ್ಟಿಲು ಆ ರಿಯಾಯಿತಿಯ ಒಳಗೇ ಇದ್ದವು. ಆದರೆ ಐದೂ ಹೆಚ್ಚಿನ ಕಡೆಗೇ ಇದ್ದವು. ಒಂದೂ ಕಡಿಮೆಯ ಕಡೆಗಿಲ್ಲ. ಹೀಗೆ ಐದು ಸಣ್ಣ ಸಣ್ಣ ಹೆಚ್ಚುಗಳು ಕೂಡಿ, ಒಟ್ಟು ಉದ್ದ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್ ಬೆಳೆದುಬಿಟ್ಟಿತ್ತು. ಪವಮಾನರಾವ್ ಹೇಳಿದ್ದು ಸರಿ. ಒಂದೊಂದು ಸರಿ, ಕೂಡಿದರೆ ತಪ್ಪು.

"ಚಾಚಾ, ಎಂಬತ್ತು ಅಂತ ಬರದೀನಿ. ನೀವು ಎಂಬತ್ತು ದಾಟಿಸಿ ಯಾಕ ನಿಲ್ಲಿಸ್ತೀರಿ?"

"ಪರವಾನಗಿ ಕೊಟ್ಟಾಕಿ ನೀನೇ ಅಲ್ಲೇನು? ಮ್ಯಾಲ ಮೂರು, ಕೆಳಗ ಮೂರು ಅಂತ ನೀನೇ ಬರದಿ."

"ಕೆಳಗೂ ಅದಲ್ರಿ? ಒಂದಾದ್ರೂ ಕೆಳಗ ಹೋಗಬೇಕಿತ್ತಲ್ಲ?"

ಮಶಾಕ ಬೀಡಿ ಕಿವಿಯ ಸಂದಿನಿಂದ ತೆಗೆದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದ. "ಕೆಳಗ ಹೋಗಲಿಕ್ಕ ನನ್ನ ಕೈ ಒಲ್ಲೆ ಅಂತದ ಬೇಟಿ. ನಮ್ಮಪ್ಪ ಕಲ್ಲಿನ ಖದಾನಿನ್ಯಾಗ ಫರ್ಸಿ ಕೊಯ್ತಿದ್ದ. ನಾನೂ ಹುಡುಗಿದ್ದಾಗಿಂದ ಅಲ್ಲೇ. ಎರಡು ಫೂಟಿನ ಫರ್ಸಿ ಅಂದ್ರ ಜರಾ ಹೆಚ್ಚೇ ಕೊಯ್ಯಬೇಕು. ಹೆಚ್ಚಾದ್ರ ಹಾಸೋ ಗೌಂಡಿ ಅಲ್ಲೇ ಉಜ್ಜಿ ಕೂಡಿಸ್ತಾನ. ಕಡಿಮಿ ಬಿತ್ತಂದ್ರ ಮಾಲಕ ಲಾರಿ ತಿರುಗಿಸಿ ಕಳಸ್ತಿದ್ದ, ನಮ್ಮಪ್ಪ ನನ್ನ ಕಿವಿ ತಿರುವುತಿದ್ದ. ಆ ಕಿವಿ ಇನ್ನೂ ನೆನಪಿಟ್ಟದ."

ಶಹಾಬಾದಿನ ವರ್ಕ್‌ಶಾಪುಗಳಲ್ಲಿ ಕಲ್ಲಿನಿಂದ ಕಬ್ಬಿಣಕ್ಕೆ ಬಂದ ಇಂಥ ಕೈಗಳು ಬಹಳ. ಹೈದರಾಬಾದಿನ ಟರ್ನರನಾಗಿದ್ದರೆ ಒಂದು ಮೆಟ್ಟಿಲು ಹೆಚ್ಚು, ಒಂದು ಕಡಿಮೆ ಆಗಿ, ಕೂಡುವಾಗ ಹೇಗೋ ಸರಿದೂಗುತ್ತಿತ್ತೇನೋ. ಕಲ್ಲಿನ ಕೈ ಹಾಗಲ್ಲ. ಅದು ಯಾವಾಗಲೂ ಒಂದೇ ಕಡೆ ವಾಲುತ್ತದೆ.

ಮೊದಲು ರಾಧಿಕಾ ಕೈಯನ್ನೇ ತಿದ್ದಲು ನೋಡಿದಳು. ಒಂದು ಹಳೆಯ ತುಂಡು ಕೊಟ್ಟು, "ಇದರಾಗ ಬರೊಬ್ಬರಿ ಎಂಬತ್ತು ಮಾಡ್ರಿ, ಏನೂ ಬಿಡಬ್ಯಾಡ್ರಿ," ಎಂದಳು. ಮಶಾಕ ನಾಲಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಂದಿಗಿಂತ ಎರಡರಷ್ಟು ಹೊತ್ತು ಹಿಡಿದು ಕಡೆದ. ಕೊನೆಯ ಸುತ್ತಿನಲ್ಲಿ ಕೈ ಹೆದರಿ ತುಸು ಜಾಸ್ತಿ ಒತ್ತಿತು. ಅಳತೆ ಎಂಬತ್ತರ ಕೆಳಗೆ ಜಾರಿ ರಿಯಾಯಿತಿಯನ್ನೂ ದಾಟಿತು. ಅವನು ಆ ತುಂಡನ್ನು ಯಾರಿಗೂ ಕಾಣದ ಹಾಗೆ ಬೋರಲು ಹಾಕಿ ಇಟ್ಟ. ಆ ದಿನ ಚಹಾ ಕುಡಿಯಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ರಾಧಿಕಾ ಯೋಚಿಸಿದಳು. ಮಶಾಕ ಚಾಚಾನ ಕೈ ನಲವತ್ತು ವರ್ಷದ್ದು. ತನ್ನ ಹಾಳೆ ಮೂರು ದಿನದ ಕೆಲಸ. ಎರಡರಲ್ಲಿ ಯಾವುದನ್ನು ಬದಲಿಸುವುದು ಸುಲಭ? ಅವಳಿಗೆ ತನ್ನ ಮೇಲೆಯೇ ನಗು ಬಂತು. ಅಳತೆಗಳನ್ನು ಸರಪಳಿಯಂತೆ ಜೋಡಿಸುವುದು, ಹೆಚ್ಚುಕಡಿಮೆಗಳು ಕೂಡಿಕೊಂಡರೂ ತೊಂದರೆ ಇಲ್ಲದ ಕಡೆ ಮಾತ್ರ ಎಂದು ಐಟಿಐನಲ್ಲಿ ಓದಿದ್ದಳು. ಪರೀಕ್ಷೆಯಲ್ಲಿ ಬರೆದೂ ಇದ್ದಳು. ಆದರೆ ಅಲ್ಲಿ ಹೆಚ್ಚುಕಡಿಮೆಗಳು ಪುಸ್ತಕದ ಮಾತಾಗಿದ್ದವು. ಅವುಗಳ ಹಿಂದೆ ಒಂದು ಕಿವಿ, ಒಂದು ಖದಾನು, ತಿರುಗಿಬಂದ ಒಂದು ಲಾರಿ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅನ್ನ ಅರ್ಧಕ್ಕೇ ಬಿಟ್ಟು ಹೊಸ ಹಾಳೆ ಹಚ್ಚಿದಳು. ಶಾಫ್ಟಿನ ಆಕಾರ ಮೊದಲಿನದೇ, ಒಂದು ಗೆರೆಯೂ ಬದಲಾಗಲಿಲ್ಲ. ಬದಲಾದದ್ದು ಅಳತೆ ಬರೆದ ರೀತಿ. ಎಡಗಡೆ ಬೇರಿಂಗ್ ಒರಗುವ ಮುಖವೊಂದಿದೆ. ಎಲ್ಲ ಅಳತೆಯೂ ಅಲ್ಲಿಂದಲೇ ಹೊರಟಿತು. ಮೊದಲ ಮೆಟ್ಟಿಲಿನ ಕೊನೆ ಆ ಮುಖದಿಂದ ಎಷ್ಟು, ಎರಡನೆಯದರ ಕೊನೆ ಆ ಮುಖದಿಂದ ಎಷ್ಟು, ಹೀಗೆ ಐದೂ. ಒಂದರ ಹೆಚ್ಚು ಇನ್ನೊಂದರ ತಲೆಯ ಮೇಲೆ ಬೀಳುವ ಹಾಗಿಲ್ಲ. ಮಶಾಕ ಪ್ರತಿಯೊಂದರಲ್ಲೂ ಕೂದಲೆಳೆ ಬಿಟ್ಟರೂ ಕೊನೆಗೆ ಒಂದೇ ಕೂದಲೆಳೆ. ಕಟ್ಟಕಡೆಯ ನಾನೂರಕ್ಕೆ ಮಾತ್ರ ರಿಯಾಯಿತಿ ಬೇರೆ ಬರೆದಳು: ಮೇಲೆ ಸೊನ್ನೆ, ಕೆಳಗೆ ಸೊನ್ನೆ ಪಾಯಿಂಟ್ ಎರಡು.

ಮಶಾಕ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಎಲ್ಲಾ ಗೆರಿ ಒಂದೇ ಕಡೆಯಿಂದ ಹೊಂಟಾವಲ್ಲ. ಬಸ್‌ಸ್ಟ್ಯಾಂಡ್ ಇದ್ದಂಗದ."

"ಹೌದ್ರಿ. ಎಲ್ಲಾ ಬಸ್ಸು ಶಹಾಬಾದಿನಿಂದ ಹೊಂಡ್ತಾವ ಅಂತ ತಿಳಕೋರಿ. ವಾಡಿ ಎಷ್ಟು ದೂರ, ಚಿತ್ತಾಪುರ ಎಷ್ಟು ದೂರ, ಸೇಡಂ ಎಷ್ಟು ದೂರ, ಎಲ್ಲಾ ಇಲ್ಲಿಂದ. ವಾಡಿಯಿಂದ ಚಿತ್ತಾಪುರಕ್ಕೆ ಎಷ್ಟು ಅಂತ ಕೇಳಬ್ಯಾಡ್ರಿ."

"ನಡುವಿನ ಮೆಟ್ಟಿಲಿನ ಅಗಲ ಬೇಕಲ್ಲ ನನಗ? ಅದೂ ಒಂದು ಬರಿ."

"ಬರಿಯಂಗಿಲ್ಲ ಚಾಚಾ."

ಅಷ್ಟರಲ್ಲಿ ಬಂದ ಕರೀಮ್ ಸಾಹೇಬರು ಮಧ್ಯೆ ಬಾಯಿ ಹಾಕಿದರು. "ಬರಿಯವಾ. ಕಾಗದಕ್ಕೇನು ಬಾಡಗಿ ಕೊಡಬೇಕಾ? ಅದೂ ಬರಿ, ಇದೂ ಬರಿ, ಗಿರಾಕಿ ಖುಷ್."

"ಸಾಹೇಬ್ರೇ, ಒಂದು ಮನಿಗಿ ಇಬ್ಬರು ಯಜಮಾನರಾದ್ರ ಏನಾಗ್ತದ ಹೇಳ್ರಿ?"

ಇಬ್ಬರು ತಮ್ಮಂದಿರ ಜೊತೆ ಒಂದೇ ಮನೆಯಲ್ಲಿದ್ದ ಕರೀಮ್ ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಮಶಾಕ ಮುಖ ಆಚೆ ತಿರುಗಿಸಿ ನಕ್ಕ.

"ಎರಡು ಕಡೆ ಬರದ್ರ ಒಬ್ಬರು ಒಂದು ನಂಬ್ತಾರ, ಇನ್ನೊಬ್ಬರು ಇನ್ನೊಂದು. ಒಮ್ಮೆ ಬರದದ್ದೇ ಖರೇ," ಎಂದು ರಾಧಿಕಾ ಮೆಲ್ಲಗೆ ಮಾತು ಮುಗಿಸಿದಳು.

ಮಶಾಕನ ಬೆರಳು ಕೊನೆಯ ಅಂಕಿಯ ಮೇಲೆ ನಿಂತಿತ್ತು. "ಇಲ್ಲಿ ಮ್ಯಾಲ ಸೊನ್ನಿ ಹಾಕಿ."

"ಹೌದ್ರಿ."

"ಅಂದ್ರ ಏನೂ ಬಿಡಂಗಿಲ್ಲ."

"ಅದೊಂದರಾಗ ಮಾತ್ರ ಬಿಡಂಗಿಲ್ಲ. ಉಳಿದ ನಾಲ್ಕೂ ನಿಮ್ಮ ಕೈ ಹೆಂಗಂತದ ಹಂಗ."

ಅವನು ಐದೂ ಅಂಕಿಗಳ ಮೇಲೆ ಬೆರಳು ಓಡಿಸಿದ. ಆಮೇಲೆ, "ಐದು ಕಡೆ ಬಿಗಿದು ಕಟ್ಟೋದಕ್ಕಿಂತ ಒಂದು ಕಡೆ ಕಟ್ಟೀದಿ. ಇದು ನಡೀತದ," ಎಂದ. ಹೊಸ ಉಕ್ಕನ್ನು ಲೇಥಿಗೆ ಏರಿಸಿ, ಮೊದಲು ಎಡಗಡೆಯ ಮುಖವನ್ನು ನುಣ್ಣಗೆ ಮಾಡಿ, ಅದರ ಪಕ್ಕ ಚಾಕಿನಿಂದ ಒಂದು ಚುಕ್ಕೆ ಇಟ್ಟ. ಪ್ರತಿ ಸಲವೂ ಆ ಚುಕ್ಕೆಯ ಮುಖಕ್ಕೇ ಅಳತೆಗೋಲು ಒರಗಿಸಿ ನೋಡಿದ. ನಾನೂರನೆಯ ಮಿಲಿಮೀಟರಿನ ಹತ್ತಿರ ಬಂದಾಗ ಯಂತ್ರ ನಿಲ್ಲಿಸಿ, "ಬಾ, ನೀನೂ ನಿಂದ್ರು," ಎಂದು ಕರೆದ. ಅವಳು ನಿಂತಳು. ಅವನು ಎಳೆ ಎಳೆಯಾಗಿ ತೆಗೆದ, ಅಳೆದ, ತೆಗೆದ, ಅಳೆದ. ನಾನೂರಕ್ಕಿಂತ ಇಷ್ಟೇ ಇಷ್ಟು ಕೆಳಗೆ ಬಂದಾಗ ಕೈ ಬಿಟ್ಟು, "ಇದಕ್ಕಿಂತ ಕೆಳಗ ಒಯ್ಯೋದು ಈ ಜನ್ಮದಾಗ ಆಗಂಗಿಲ್ಲ," ಎಂದ. ಒಯ್ಯಬೇಕಾಗಿಯೂ ಇರಲಿಲ್ಲ.

ಮುಂದಿನ ವಾರ ಶಾಫ್ಟನ್ನು ಗೋಣಿತಟ್ಟಿನಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿಕೊಂಡು ಮೂವರೂ ಹೊರಟರು. ವಾಡಿ ದಾಟಿ, ಚಿತ್ತಾಪುರ ದಾಟಿ, ಕೊಯ್ಲಾದ ತೊಗರಿ ಹೊಲಗಳ ನಡುವೆ ಸೇಡಂ ದಾರಿ. ಮಶಾಕ ಪ್ರತಿ ಗುಂಡಿಗೂ ಹಿಂದಕ್ಕೆ ತಿರುಗಿ ಶಾಫ್ಟಿನ ಮೇಲೆ ಕೈ ಇಡುತ್ತಿದ್ದ, ಮಗು ಎದ್ದೀತೆಂಬಂತೆ.

ಕಾರ್ಖಾನೆಯ ಒಳಗೆ ಗಿರಣಿಗಳು ತಿರುಗುವ ಗದ್ದಲ. ಪವಮಾನರಾವ್ ಮೊದಲು ಹೊಸ ನಕ್ಷೆ ಕೇಳಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಹುಬ್ಬು ಒಂದಿಷ್ಟು ಮೇಲೆ ಹೋಯಿತು.

"ಆಕಾರ ಅದೇ ಅದ, ಅಳತಿ ಎಲ್ಲಾ ಒಂದೇ ಮುಖದಿಂದ ಬರದೀರಿ. ಮೊದಲಿನ ಹಾಳಿ ಬಂದಾಗ ಕೂಡಿಸಿ ನೋಡೋ ಕೆಲಸ ನಾನೂ ಮಾಡಿದ್ರ ಆಗ್ತಿತ್ತು ಬಿಡ್ರಿ. ಈಗ ಸರಿ ಆಯ್ತು," ಎಂದರು. ಆಮೇಲೆ ಗೇರ್‌ಬಾಕ್ಸಿನ ಕಡೆ ತಿರುಗಿ, "ಇಲ್ಲಿ ಸಿಮೆಂಟ್ ಸುಡೋ ಗೂಡಿನ ಕಾವು ಭಾಳ. ಉಕ್ಕು ಹಿಗ್ಗತದ. ಮುಚ್ಚಳ ಮುಚ್ಚಿದ ಮ್ಯಾಲ ಸೊನ್ನೆ ಪಾಯಿಂಟ್ ಮೂರರಿಂದ ಐದರವರೆಗೆ ಸಂದು ಉಳೀಬೇಕು. ಅದಕ್ಕಿಂತ ಕಡಿಮಿ ಇದ್ರ ಸುಡ್ತದ, ಹೆಚ್ಚಿದ್ರ ಬಡೀತದ."

ಶಾಫ್ಟು ಒಳಗೆ ಇಳಿಯಿತು. ಬೇರಿಂಗುಗಳು ಕೂತವು. ಮುಚ್ಚಳವನ್ನು ಇಬ್ಬರು ಫಿಟ್ಟರುಗಳು ಹಿಡಿದು ಒತ್ತಿದರು. ಹಿಂದಿನ ಸಲ ಉಗುರು ತೂರುವಷ್ಟು ಬಾಯಿ ಬಿಟ್ಟುಕೊಂಡಿದ್ದ ಜಾಗದಲ್ಲಿ ಈ ಸಲ ಟಪ್ಪೆಂದು ಕಬ್ಬಿಣ ಕಬ್ಬಿಣಕ್ಕೆ ಕೂಡಿತು. ಬೋಲ್ಟುಗಳು ಬಿಗಿದವು. ಕರೀಮ್ ಸಾಹೇಬರು ಟೋಪಿ ಸರಿಮಾಡಿಕೊಂಡರು.

ಮುಚ್ಚಿದ ಮಾತ್ರಕ್ಕೆ ಮುಗಿಯಲಿಲ್ಲ. ಸಂದು ನೋಡಬೇಕು. ಅದಕ್ಕೆ ಫೀಲರ್ ಗೇಜ್ ಎಂಬುದೊಂದಿದೆ. ತೆಳುವಾದ ಉಕ್ಕಿನ ಎಲೆಗಳ ಗೊಂಚಲು, ಪ್ರತಿ ಎಲೆಯ ಮೇಲೂ ಅದರ ದಪ್ಪ ಕೊರೆದಿರುತ್ತದೆ. ಯಾವ ಎಲೆ ತೂರುತ್ತದೆ, ಯಾವುದು ತೂರುವುದಿಲ್ಲ ಎಂದು ನೋಡಿ ಸಂದು ಎಷ್ಟೆಂದು ಹೇಳುತ್ತಾರೆ. ಪರೀಕ್ಷೆಯ ಕಿಂಡಿ ಕಿರಿದು, ಫಿಟ್ಟರನ ಮುಂಗೈ ಒಳಗೆ ಹೋಗಲಿಲ್ಲ. ಪವಮಾನರಾವ್ ರಾಧಿಕಾಳ ಕಡೆ ನೋಡಿದರು.

"ನಿಮ್ಮ ಕೈ ಹೋಗ್ತದ. ನೋಡ್ರಿ."

ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ, ಮೊಣಕಾಲೂರಿ ಕೈ ಹಾಕಿದಳು. ಮೂರರ ಎಲೆ ತೂರಿತು, ಸಲೀಸಾಗಿ. ನಾಲ್ಕರದು ತೂರಲಿಲ್ಲ. ಅವೆರಡರ ನಡುವಿನದನ್ನು ಹುಡುಕಿ ಹಾಕಿದಳು. ಅದು ತುಸು ತಡೆದು, ಬೆಣ್ಣೆಯಲ್ಲಿ ಎಳೆದ ಹಾಗೆ ಮೆಲ್ಲಗೆ ಒಳಗೆ ಹೋಯಿತು. ಹೊರಗೆ ತೆಗೆದು ಎಲೆಯ ಮೇಲಿನ ಅಂಕಿಯನ್ನು ಸೆರಗಿನಿಂದ ಒರೆಸಿ ಓದಿದಳು.

"ಎಷ್ಟದ್ರಿ?" ಎಂದು ಪವಮಾನರಾವ್ ಗದ್ದಲದ ಆಚೆಯಿಂದ ಕೇಳಿದರು.

ವರ್ಷದ ಕೆಲಸ ಬಂತು, ಆಮೇಲಿನ ವರ್ಷದ್ದೂ ಬಂತು. ಇಳಿಜಾರು ಮೇಜು ಕದಲಲಿಲ್ಲ. ಅದರ ಪಕ್ಕ 2001ರಲ್ಲಿ ಇನ್ನೊಂದು ಮೇಜು ಬಂತು, 2005ರಲ್ಲಿ ಕಂಪ್ಯೂಟರ್ ಬಂತು. ಕಂಪ್ಯೂಟರಿನಲ್ಲಿ ಬಾಣಗಳು ತಾವೇ ತಾವಾಗಿ ಬೀಳುವುದನ್ನು ರಾಧಿಕಾ ಮೊದಲ ದಿನ ಬಹಳ ಹೊತ್ತು ನೋಡಿದಳಂತೆ. ಉದ್ದ ಅಗಲದ ಮೂರರಷ್ಟಿದೆಯೇ ಎಂದು ಸ್ಕೇಲ್ ಇಟ್ಟು ಅಳೆದೂ ಬಿಟ್ಟಳಂತೆ. ಇತ್ತು. ಈಗ ಅವಳ ಹೆಸರು ಹಾಳೆಯ ಮೂಲೆಯಲ್ಲಿ 'ಬರೆದವರು' ಎಂಬಲ್ಲಿ ಇರುವುದಿಲ್ಲ, 'ಪರಿಶೀಲಿಸಿದವರು' ಎಂಬಲ್ಲಿ ಇರುತ್ತದೆ. ಹೊಸದಾಗಿ ಬಂದವರು ಅಳತೆಗಳನ್ನು ಸರಪಳಿಯಂತೆ ಜೋಡಿಸಿ ತಂದರೆ ಬೈಯುವುದಿಲ್ಲ. "ಇದು ಯಾರು ಮಾಡ್ತಾರ, ಅವರ ಕೈ ಯಾವ ಕಡೆ ವಾಲ್ತದ, ಹೋಗಿ ನೋಡಿ ಬರ್ರಿ," ಎಂದು ಲೇಥಿನ ಕಡೆ ಕಳಿಸುತ್ತಾಳೆ.

ಮಶಾಕ ಕೆಲಸ ಬಿಟ್ಟಿದ್ದಾನೆ, ಆದರೆ ಶುಕ್ರವಾರ ನಮಾಜು ಮುಗಿಸಿಕೊಂಡು ಚಹಾಕ್ಕೆ ಬರುವುದು ಬಿಟ್ಟಿಲ್ಲ. ಬಂದಾಗೆಲ್ಲ ಸೇಡಮಿನ ಆ ದಿನದ ಮಾತು ತೆಗೆಯುತ್ತಾನೆ. "ಎಂಥಾ ಒದರಿದಳು ಅಂತೀರಿ, ಗಿರಣಿ ನಿಂತು ಕೇಳ್ತು," ಎನ್ನುತ್ತಾನೆ.

"ನಾ ಎಲ್ಲಿ ಒದರೀನಿ ಚಾಚಾ? ಗದ್ದಲಿತ್ತು, ಅದಕ್ಕ ಜರಾ ಜೋರಾಗಿ ಹೇಳಿದೆ," ಎನ್ನುತ್ತಾಳೆ ರಾಧಿಕಾ.

ಒದರಿದಳೋ ಹೇಳಿದಳೋ, ಹೇಗಾದರೂ ಇರಲಿ. ಗೇರ್‌ಬಾಕ್ಸಿನ ಮುಂದೆ ಮೊಣಕಾಲೂರಿ ಕೂತಲ್ಲಿಂದಲೇ, ಎಲೆಯನ್ನು ಎತ್ತಿ ಹಿಡಿದು ಅವಳು ಅಂದದ್ದು: "ಸೊನ್ನೆ ಪಾಯಿಂಟ್ ಮೂರು ಐದು."